ಮಾಮಾ ನೀರು ಹಾಕದ ಛಜ್ಜಾ

ನಮ್ಮ ಸೋದರಮಾವನವರು ತಮ್ಮ ಜೀವಮಾನದಲ್ಲಿ ಕಡಿಮೆಯೆಂದರೂ ಅರ್ಧ ಗಾಡಿ ಉಸುಕನ್ನು ತಿಂದಿದ್ದಾರೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ದಯವಿಟ್ಟು ತಪ್ಪು ತಿಳಿಯಬಾರದು! ಕಟ್ಟಡದ ಕೆಲಸದಲ್ಲಿ ಉಸುಕು ತಿಂದವರು, ಸಿಮೆಂಟು ತಿಂದವರು, ಹಸಿವು ಹೆಚ್ಚಾದಾಗ ಇಡೀ ಸೇತುವೆಯನ್ನೇ ತಿಂದು ಮೇಲೊಂದು ಲೋಟ ನೀರು ಕುಡಿದವರು ಎಲ್ಲ ಕಾಲಕ್ಕೂ ಇದ್ದಾರೆ. ಅವರೆಲ್ಲ ತಿಂದದ್ದು ಕಾಗದದ ಮೇಲೆ. ನಮ್ಮ ಮಾಮಾ ಮಾತ್ರ ಉಸುಕನ್ನು ಬಾಯಿಯಿಂದಲೇ, ದವಡೆಹಲ್ಲಿನಿಂದಲೇ, ಕರಕರನೆ ಅಗಿದು ತಿನ್ನುತ್ತಿದ್ದರು!

ಉಸುಕಿನ ಲಾರಿ ಬಂದು ನಿಂತರೆ ಸಾಕು, ಮಾಮಾ ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುವರು. ಸುತ್ತಲಿನವರೆಲ್ಲ ಉಸಿರು ಬಿಗಿಹಿಡಿಯುವರು. ಆಮೇಲೆ ತೀರ್ಪು: "ಇದು ಚೀಕಲಪರ್ವಿ ಕಡೀದು, ತುಂಗಭದ್ರಿ ಉಸುಕು. ಇಳಸ್ರಿ." ಇಲ್ಲವಾದರೆ, "ಥೂ! ಇದು ಹಳ್ಳದ್ದು. ಮಣ್ಣು ನಾಲಿಗಿಗೆ ಹತ್ತಾಕತ್ತದ. ಹೊಳ್ಳಿ ಒಯ್ರಿ!" ಮಾನ್ವಿಯಲ್ಲಿದ್ದಾಗ ಒಬ್ಬ ಗುತ್ತಿಗೆದಾರನಿಗೆ ಇದು ಬರೀ ನಾಟಕವೆಂದು ಅನುಮಾನ ಬಂತಂತೆ. ಅವನು ಚಹಾದ ಮೂರು ಬಸಿಗಳಲ್ಲಿ ಉಸುಕು ಹಾಕಿ ತಂದಿಟ್ಟ. ಮಾಮಾ ಮೊದಲನೆಯದನ್ನು ಅಗಿದು "ಚೀಕಲಪರ್ವಿ" ಎಂದರು. ಎರಡನೆಯದನ್ನು ಅಗಿದು "ಗೂಗಲ್ ಊರ ದಂಡಿ, ಕೃಷ್ಣಾ" ಎಂದರು. ಮೂರನೆಯದನ್ನು ಬಹಳ ಹೊತ್ತು ಅಗಿದು ಉಗುಳಿದರು. "ಇದರಾಗ ಎರಡೂ ಹೊಳಿ ಕೂಡ್ಯಾವ್ರೀ. ಅವು ಕೂಡೋದು ಆಂಧ್ರದಾಗ, ನೀವು ಮಾನ್ವ್ಯಾಗ ಹ್ಯಾಂಗ ಕೂಡಿಸಿದ್ರಿ?" ಗುತ್ತಿಗೆದಾರ ಅಂದಿನಿಂದ ಮಾಮಾ ಎದುರು ಬಸಿಯಲ್ಲಿ ಚಹಾ ಕುಡಿಯುವುದನ್ನೂ ಬಿಟ್ಟ!

ಇಂಥ ಮನುಷ್ಯ ಓದಿದ್ದೆಷ್ಟು? ನಾಲ್ಕನೆಯ ಇಯತ್ತೆ. ಕಾಲುವೆಯ ಕೆಲಸದಲ್ಲಿ ಮಣ್ಣಿನ ಬುಟ್ಟಿ ಹೊತ್ತು, ಕಲ್ಲು ಒಡೆದು, ಗೌಂಡಿಯಾಗಿ, ಕೊನೆಗೆ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆದವರು. ಅಂದರೆ, ಬೆಳಗಿನಿಂದ ಸಂಜೆಯವರೆಗೆ ಕೆಲಸದ ಜಾಗದಲ್ಲಿಯೇ ನಿಂತು, ಹೇಳಿದ ಹಾಗೆ ಕೆಲಸವಾಗುತ್ತಿದೆಯೇ ಎಂದು ನೋಡಿಕೊಳ್ಳುವವರು.

ರಾಯಚೂರಿನ ಟಾಕೀಸಿಗೆ ಕುಟುಂಬ ಸಮೇತ ಹೋದರೆ ಅವರ ದೃಷ್ಟಿ ಪರದೆಯ ಮೇಲೆ ಇರುತ್ತಿರಲಿಲ್ಲ. ತಲೆಯ ಮೇಲಿನ ಬಾಲ್ಕನಿಯ ಮೇಲೆ! ಅಲ್ಲಿ ಜನ ತುಂಬಿದರೆಂದರೆ ನಮ್ಮೆಲ್ಲರನ್ನೂ ಎಬ್ಬಿಸಿ ಮುಂದಿನ ಬೆಂಚುಗಳಿಗೆ ಸಾಗಿಸುತ್ತಿದ್ದರು. ನಾನು ಬಾಲ್ಯದಲ್ಲಿ ನೋಡಿದ ನಾಯಕರೆಲ್ಲರೂ ಕತ್ತು ನೋಯುವಷ್ಟು ಎತ್ತರದವರು! ಮಗಳಿಗೆ ವರ ನೋಡಲು ಹೋದಾಗಲಂತೂ ವರನ ಮುಖವನ್ನೇ ನೋಡದೆ ಮಾಳಿಗೆಯ ತೊಲೆಯನ್ನು ನೋಡಿಕೊಂಡು ಬಂದರು. "ಹುಡುಗ ಹ್ಯಾಂಗದಾನ?" ಎಂದು ಅತ್ತೆ ಕೇಳಿದರೆ, "ಬಾಗ್ಯಾದ" ಎಂದರು. "ಅಯ್ಯ ಯವ್ವಾ! ಗೂನು ಅದ ಏನು?" "ಹುಡುಗನ ಸುದ್ದಿ ಯಾರಿಗೆ ಬೇಕು, ನಡುಮನಿ ತೊಲಿ ಬಾಗ್ಯಾದ. ಅದರ ಕೆಳಗ ನನ್ನ ಮಗಳು ಹ್ಯಾಂಗ ಮಲಗಬೇಕು?" ವರನ ಕಡೆಯವರು ತೊಲೆ ಬದಲಿಸಿದ ಮೇಲೆಯೇ ಮದುವೆ ಗೊತ್ತಾದದ್ದು. ಆ ಹೊಸ ತೊಲೆಯನ್ನು ಮಾಮಾ ತಾವೇ ನಿಂತು ಏರಿಸಿಕೊಟ್ಟರು!

ಆದರೆ ಅವರ ಪರಮ ಪ್ರೀತಿ ಹೊಸದಾಗಿ ಹಾಕಿದ ಸ್ಲ್ಯಾಬಿನ ಮೇಲೆ. ಕಾಂಕ್ರೀಟು ಗಟ್ಟಿಯಾಗಬೇಕಾದರೆ ಹಲವು ದಿನ ಅದನ್ನು ನೀರಿನಲ್ಲಿ ನೆನೆಸಿಡಬೇಕೆಂದು ನಾನು ಪುಸ್ತಕದಲ್ಲಿ ಓದಿದ್ದೇನೆ. ಮಾಮಾ ಅದನ್ನು ಬಾಣಂತನವೆಂದೇ ಭಾವಿಸಿದ್ದರು. ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದು, ಅಂಚಿಗೆ ಹಸಿ ಗೋಣಿಚೀಲ ಹೊದಿಸುವುದು, ಹತ್ತಿರ ಯಾರಾದರೂ ಜೋರಾಗಿ ನಡೆದರೆ ಗದರಿಸುವುದು! ರಾಯಚೂರು ಸೀಮೆಯ ಬೇಸಿಗೆಯಲ್ಲಿ ನಿಲ್ಲಿಸಿದ ನೀರು ನೋಡುನೋಡುತ್ತಲೇ ಆರಿಹೋಗುತ್ತದೆ. ಹೀಗಾಗಿ ಮಗಳ ನಿಶ್ಚಯದ ದಿನವೂ ಮಾಮಾ ವೀಳ್ಯ ಬದಲಿಸುವ ಹೊತ್ತಿಗೆ ಮಾಯವಾದರು. ಹುಡುಕಿದರೆ ಒಂದು ದವಾಖಾನೆಯ ಸ್ಲ್ಯಾಬಿನ ಮೇಲೆ ಕೊಡ ಹಿಡಿದು ನಿಂತಿದ್ದಾರೆ! ಅತ್ತೆ ಬೀಗರ ಎದುರಿಗೇ ಸಿಡಿದರು: "ನನ್ನ ಮೂರು ಬಾಣಂತನದಾಗ ಒಂದು ತಂಬಿಗಿ ನೀರು ಕಾಸಿಕೊಟ್ಟ ಮನುಷ್ಯಾ ಅಲ್ರೀ ಇವರು. ಆ ಸ್ಲ್ಯಾಬಿಗೆ ಇಪ್ಪತ್ತೊಂದು ದಿನ ನೀರು ಹೊರ್ತಾರ!"

ಈಗ ನನ್ನ ವಿಷಯಕ್ಕೆ ಬರುತ್ತೇನೆ, ಬಾರದೆ ಗತ್ಯಂತರವಿಲ್ಲ. ನಮ್ಮ ವಂಶದಲ್ಲಿ ಮೊದಲ ಪದವೀಧರ ನಾನು. ಗುಲಬರ್ಗಾದಲ್ಲಿ ಬಿ.ಇ. ಮುಗಿಸಿ ಬಂದ ದಿನ ನಮ್ಮ ಓಣಿಯಲ್ಲಿ ಪೇಢೆ ಹಂಚಿದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಕಿರಿಯ ಇಂಜಿನಿಯರೆಂದು ದೇವದುರ್ಗಕ್ಕೆ ಆದೇಶ ಬಂತು. ಎರಡು ವರ್ಷದ ಪ್ರೊಬೇಷನ್. ಆಮೇಲೆ ದೊಡ್ಡ ಸಾಹೇಬರು, ಅಂದರೆ ನಮ್ಮ ಎಕ್ಸಿಕ್ಯೂಟಿವ್ ಇಂಜಿನಿಯರು, ಒಳ್ಳೆಯ ವರದಿ ಕೊಟ್ಟರೆ ಕೆಲಸ ಕಾಯಂ. ಹೋಗಿ ನೋಡಿದರೆ ನನ್ನ ಕೈಕೆಳಗಿನ ವರ್ಕ್ ಇನ್‌ಸ್ಪೆಕ್ಟರ್ ಯಾರು? ನಮ್ಮ ಮಾಮಾ!

ಇಬ್ಬರೂ ದೇವದುರ್ಗದಲ್ಲಿ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಬೆಳಿಗ್ಗೆ "ಲೇ, ಏಳಲೇ, ಬಸ್ಸು ತಪ್ಪತದ!" ಎಂದು ನನ್ನ ಹೊದಿಕೆಯನ್ನು ಕಿತ್ತೆಸೆಯುತ್ತಿದ್ದ ಇದೇ ಮಹಾನುಭಾವರು, ಬಸ್ಸಿನಿಂದ ನನ್ನ ಜೊತೆಗೇ ಇಳಿದು, ನನಗಿಂತ ಮೊದಲು ಓಡಿಹೋಗಿ ಕೆಲಸದ ಜಾಗದಲ್ಲಿ ನಿಂತು, ಕೈ ಮುಗಿದು "ನಮಸ್ಕಾರ್ರೀ ಸಾಹೇಬ್ರ" ಎನ್ನುತ್ತಿದ್ದರು! ನನಗೆ ನಗು ಬಂದರೆ ಕಣ್ಣಿನಲ್ಲೇ ಗದರಿಸುವರು. ಕೆಲಸದಲ್ಲಿ ನಗಬಾರದು, ನಾನು ಸಾಹೇಬನಲ್ಲವೇ?

ಗೂಗಲ್ ರಸ್ತೆಯ ಒಂದು ಹಳ್ಳಿಯಲ್ಲಿ ಎರಡು ಕೋಣೆಗಳ ಶಾಲೆ ಕಟ್ಟಿಸುತ್ತಿದ್ದೆವು. ಸ್ವತಂತ್ರವಾಗಿ ನನಗೆ ವಹಿಸಿದ ಮೊದಲ ಕೆಲಸ. ಸ್ಲ್ಯಾಬು ಹಾಕುವ ದಿನ ನಾನು ಹೊಸ ಬೂಟು ಹಾಕಿಕೊಂಡು, ನಕಾಶೆ ಹಿಡಿದು, ಮೇಲೆ ಹತ್ತಿದೆ. ಕೆಳಗೆ ಮಾಮಾ ಕಾಂಕ್ರೀಟಿನ ಮಾಲು ಕಲಸುವವರ ಜೊತೆ ನೀರು ಹೆಚ್ಚಾಯಿತೆಂದು ಜಗಳಕ್ಕೆ ಬಿದ್ದಿದ್ದರು. ಹಸಿ ಮಾಲು ಬೂಟಿಗೆ ತಾಗಬಾರದೆಂದು ನಾನು ಹಿಂದೆ ಸರಿಯುತ್ತಾ ಸರಿಯುತ್ತಾ ಛಜ್ಜಾದ ಮೇಲೆ, ಅಂದರೆ ಮಾಳಿಗೆಯೇ ಬಾಗಿಲಿನ ಮುಂದಕ್ಕೆ ಮೂರಡಿ ಚಾಚಿಕೊಂಡ ಭಾಗದ ಮೇಲೆ, ಕಟ್ಟಿದ ಕಬ್ಬಿಣದ ಸಳಿಗಳ ಮೇಲೆಯೇ ನಿಂತೆ. ಗುತ್ತಿಗೆದಾರ, "ಅಲ್ಲೇ ನಿಂದರ್ರಿ ಸಾಹೇಬ್ರ, ಅಲ್ಲಿಂದ ಪೂರಾ ಕೆಲಸ ಕಾಣ್ತದ" ಎಂದ. ಆ ತುದಿಯಿಂದ ಈ ತುದಿಗೆ ಗಂಭೀರವಾಗಿ ಅಡ್ಡಾಡಿದೆ. ಕಾಲ ಕೆಳಗೆ ಮೆತ್ತಗೆ ಬಾಗಿದ ಹಾಗಾಯಿತು. ಹೊಸ ಬೂಟು ಎಷ್ಟು ಹಿತವಾಗಿದೆಯಲ್ಲ ಎಂದುಕೊಂಡೆ!

ಮರುದಿನ ಅಂಚಿನ ಹಲಗೆ ಬಿಚ್ಚಿದಾಗ ಮಾಮಾ ಛಜ್ಜಾದ ಅಂಚನ್ನು ನೋಡುತ್ತಾ ನಿಂತುಬಿಟ್ಟರು. ಸಳಿಗಳ ತುದಿಗಳು ಹೊರಗಿಣುಕಿದ್ದವು, ಮೇಲಿರಬೇಕಾದವು ನನ್ನ ಬೂಟಿನ ಭಾರಕ್ಕೆ ಕೆಳಗಿಳಿದಿದ್ದವು.

"ಸಾಹೇಬ್ರ, ಕೈ ಚಾಚಿ ಹಿಡೀರಿ" ಎಂದರು. ಚಾಚಿದೆ. ತುಂಬಿದ ಕೊಡವೊಂದನ್ನು ನನ್ನ ಕೈಗೆ ನೇತುಹಾಕಿದರು. "ಎಲ್ಲಿ ಸೆಳೀತದ?"

"ಮೇಲೆ. ಭುಜದ ಹತ್ತಿರ, ಮೇಲೆ."

"ಹಂಗಾರ ಕಬ್ಬಿಣ ಎಲ್ಲಿರಬೇಕು?"

ಇದೇ ಪ್ರಶ್ನೆಗೆ ಪರೀಕ್ಷೆಯಲ್ಲಿ ಚಿತ್ರ ಸಹಿತ ಉತ್ತರ ಬರೆದು ಪೂರ್ಣ ಅಂಕ ಪಡೆದವನು ನಾನು! ಹಾಗೆ ಬಿಟ್ಟರೆ ಆ ಛಜ್ಜಾ ಒಂದು ವರ್ಷ ನಿಲ್ಲಬಹುದು, ಎರಡು ವರ್ಷ ನಿಲ್ಲಬಹುದು. ಆಮೇಲೆ ಒಂದು ದಿನ ಕಳಚಿ ಬೀಳುವುದು ನಿಶ್ಚಯ. ಅದರ ಕೆಳಗೆ ನಿಲ್ಲುವವರು ಯಾರು? ಬಿಸಿಲಿಗೆ ನೆರಳು ಹುಡುಕುವ ಮಕ್ಕಳು.

"ಒಡೀಬೇಕ್ರಿ" ಎಂದರು ಮಾಮಾ.

"ಯಾಕ್ರೀ ಒಡೀತೀರಿ? ಮ್ಯಾಲ ಸಿಮೆಂಟ್ ಬಳದು ಗಿಲಾಯಿ ಮಾಡಿದ್ರ ದೇವರಿಗೂ ಕಾಣಂಗಿಲ್ಲ" ಎಂದು ಗುತ್ತಿಗೆದಾರ ನಕ್ಕ.

ನಾಲ್ಕು ದಿನಕ್ಕೆ ದೊಡ್ಡ ಸಾಹೇಬರು ಬರುವವರಿದ್ದರು. ನನ್ನ ಎರಡು ವರ್ಷ ಆ ವಾರವೇ ಮುಗಿಯುತ್ತಿತ್ತು. ಆ ಸಂಜೆ ಕೋಣೆಯಲ್ಲಿ ನಾನು ಮಾಮಾ ಅವರ ಕಾಲು ಹಿಡಿದೆ. ಸಾಹೇಬರು ಬಂದು ಹೋಗಲಿ, ಕಾಯಂ ಆಗಲಿ, ಆಮೇಲೆ ಏನಾದರೂ ನೆಪ ಹೇಳಿ ಒಡೆಸುತ್ತೇನೆ ಎಂದೆ. ಮಾಮಾ ಗೋಡೆಯ ಕಡೆಗೆ ತಿರುಗಿ ಮಲಗಿದರು. ಆಮೇಲೆ ಒಡೆಸುತ್ತಿದ್ದೆನೇ? ಈಗಲೂ ನಾನು ಖಚಿತವಾಗಿ ಹೇಳಲಾರೆ.

ಮರುದಿನದಿಂದ ಅವರು ಒಂದು ವಿಚಿತ್ರ ಶುರುಮಾಡಿದರು. ಸ್ಲ್ಯಾಬಿಗೆ ಎಂದಿನಂತೆ ಕೊಡಗಟ್ಟಲೆ ನೀರು. ಛಜ್ಜಾಕ್ಕೆ ಒಂದು ಹನಿಯೂ ಇಲ್ಲ! ಬದು ಕಟ್ಟಿ ಅದನ್ನು ಬೇರೆ ಮಾಡಿಬಿಟ್ಟಿದ್ದರು. "ಅದಕ್ಕೂ ನೀರು ಹಾಕಿರಿ" ಎಂದು ನಾನು ಸಾಹೇಬನ ದನಿಯಲ್ಲಿ ಹೇಳಿದೆ.

"ಸತ್ತದ್ದಕ್ಕ ನೀರು ಯಾಕ್ರೀ ಸಾಹೇಬ್ರ?"

ದೊಡ್ಡ ಸಾಹೇಬರು ಬಂದರು. ಮೈಸೂರು ಕಡೆಯವರು, ಮಿತಭಾಷಿ. ಏಣಿ ಹತ್ತಿ ನೋಡಿದರು. ಸ್ಲ್ಯಾಬು ಕೆರೆಯಂತೆ ತುಂಬಿ ನಿಂತಿದೆ. ಅದಕ್ಕೆ ಅಂಟಿಕೊಂಡ ಛಜ್ಜಾ ಸುಣ್ಣದಂತೆ ಬಿಳಿಚಿಕೊಂಡಿದೆ!

"ಇದಕ್ಕೇಕೆ ನೀರಿಲ್ಲ?"

ಮಾಮಾ ಮುಂದೆ ಬಂದರು. "ಅದು ಒಡಿಯೋದು ಅದರೀ ಸಾಹೇಬ್ರ. ಸಳಿ ಕೆಳಗ ಹೋಗ್ಯಾವ."

"ಯಾರು ಮಾಡಿದ್ದು?"

"ನಾನರೀ. ಸಳಿ ಮ್ಯಾಗ ನಿಂತಬಿಟ್ಟೆ. ಅಕ್ಷರ ಬರದ ಮನುಷ್ಯಾ, ತಿಳೀಲಿಲ್ಲ."

ಉಸುಕಿನ ವಿಷಯದಲ್ಲಿಯೂ ಸುಳ್ಳಾಡದ ಮನುಷ್ಯ! ಮಾಳಿಗೆಯ ಕೆಲಸದಲ್ಲಿ ಬೆಕ್ಕು ನಡೆದರೂ ಓಡಿಸುತ್ತಿದ್ದವರು! ದೊಡ್ಡ ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ವರ್ಷ ಕೆಲಸ ಮಾಡಿ ಇದೂ ಗೊತ್ತಿಲ್ಲವೇ? ಇಂಥವರು ನನಗೆ ಬೇಡ. ಇಂದೇ ಬಿಡುಗಡೆ ಮಾಡಿ" ಎಂದು ನನಗೆ ಹೇಳಿದರು. ಮಾಮಾ ತಲೆ ತಗ್ಗಿಸಿದರು. ನಾನು ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದೆನೆಂದು ಇಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತದೆ. ಕಾಯಂ ಆದೇಶ, ಓಣಿಯ ಪೇಢೆ, ಅವ್ವನ ಮುಖ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಸಾಹೇಬರು ಏಣಿಯ ಕಡೆಗೆ ತಿರುಗಿದರು.

"ಸರ್, ಅದು ಸುಳ್ಳು. ಸಳಿಯ ಮೇಲೆ ನಿಂತವನು ನಾನು."

"ಲೇ, ಬಾಯಿ ಮುಚ್ಚಲೇ ಮಂಗ್ಯಾ!" ಎಂದು ಮಾಮಾ ಗುಡುಗಿದರು.

ವರ್ಕ್ ಇನ್‌ಸ್ಪೆಕ್ಟರೊಬ್ಬ ತನ್ನ ಇಂಜಿನಿಯರನ್ನು, ದೊಡ್ಡ ಸಾಹೇಬರ ಸಮಕ್ಷಮದಲ್ಲಿ, ಮಂಗ್ಯಾ ಎಂದದ್ದು ಇಲಾಖೆಯ ಚರಿತ್ರೆಯಲ್ಲಿಯೇ ಮೊದಲಿರಬೇಕು! ಗುತ್ತಿಗೆದಾರನ ಬಾಯಿಯೊಳಗಿನ ಎಲೆಅಡಿಕೆ ಅಂಗಿಯ ಮೇಲೆ ಇಳಿಯಿತು. ಸಾಹೇಬರು ನಿಧಾನವಾಗಿ ಕನ್ನಡಕ ತೆಗೆದರು.

"ಇವರು ನಿಮಗೇನಾಗಬೇಕು?"

"ಸೋದರಮಾವ, ಸರ್."

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ, "ನಾಳೆ ಒಡೆಸಿ. ವರದಿಯನ್ನು ನೀವೇ ಬರೆಯಿರಿ, ಇದ್ದದ್ದು ಇದ್ದ ಹಾಗೆ" ಎಂದಷ್ಟೇ ಹೇಳಿ ಜೀಪು ಹತ್ತಿದರು. ಮಾಮಾ ಅವರ ಕೆಲಸ ಉಳಿಯಿತು. ನನ್ನ ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು.

ಮರುದಿನ ಶನಿವಾರ. ಕೂಲಿಯವರು ಸುತ್ತಿಗೆ ಎತ್ತಿಕೊಂಡರೆ ಮಾಮಾ ತಡೆದು, ದೊಡ್ಡ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. "ಮೊದಲ ನೀವು ಹೊಡೀರಿ ಸಾಹೇಬ್ರ." ಹೊಡೆದೆ. ಮೊದಲನೆಯ ಪೆಟ್ಟಿಗೆ ಛಜ್ಜಾಕ್ಕೆ ಏನೂ ಆಗಲಿಲ್ಲ; ನನ್ನ ಮೊಣಕೈವರೆಗೆ ಗಂಟೆ ಬಾರಿಸಿದಂತಾಯಿತು! ಕೂಲಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. "ಜೋರ್ಲೆ ಹೊಡೀ ಯಪ್ಪಾ, ಹೊಟ್ಟಿಗಿ ಉಂಡಿಲ್ಲೇನು?" ಎಂದಳು ಒಬ್ಬ ಮುದುಕಿ. ಹಟ ಹಿಡಿದು ಮಧ್ಯಾಹ್ನದವರೆಗೆ ಹೊಡೆದೆ. ನಂತರ ಉಳಿದವರು ಕೈಹಾಕಿದರು.

ಸಂಜೆ, ಭಾನುವಾರದ ರಜೆಗೆ ಮನೆಗೆಂದು, ರಾಯಚೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆವು. ಮುಂದಿನ ಸೀಟಿನ ಕಂಬಿ ಹಿಡಿಯಲು ಹೋಗಿ ನಾನು "ಹಾ!" ಎಂದೆ. ಮಾಮಾ ನನ್ನ ಎರಡೂ ಕೈ ಎಳೆದು ಬಿಡಿಸಿ ನೋಡಿದರು. ಅಂಗೈ ತುಂಬ ಗುಳ್ಳೆಗಳು. ಎರಡು ಒಡೆದು ಕೆಂಪಾಗಿದ್ದವು. ಅವರು ತಲೆ ಎತ್ತಲಿಲ್ಲ.

"ಈ ಕೈಯಾಗ ಗುಳ್ಳಿ ಏಳಬಾರದಂತನ ನಿಮ್ಮವ್ವ ಮಣ್ಣು ಹೊತ್ತಳು. ನಾನೂ ಹೊತ್ತೆ" ಎಂದರು.

"ಬಹಳ ಉರಿಯಾಕತ್ತದ, ಮಾಮಾ."

"ಉರೀಲಿ" ಎಂದರು.

ಹಾಗೆಂದವರು ನನ್ನ ಅಂಗೈಗಳನ್ನು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡು, ಬಾಗಿ, ರಾಯಚೂರು ಬರುವವರೆಗೂ ಉಫ್ ಉಫ್ ಎಂದು ಊದುತ್ತಲೇ ಇದ್ದರು.