ಚೆನ್ನಾಗಿ ಓಡುವ ಗಡಿಯಾರದ ರಿಪೇರಿ

ಗಡಿಯಾರಕ್ಕೆ ಏನೂ ಆಗಿರಲಿಲ್ಲ. ಆಗಿದ್ದದ್ದು ಗಡಿಯಾರ ರಿಪೇರಿಯವನ ಶ್ವಾಸಕೋಶಕ್ಕೆ. ಕ್ಷಯ ಅಂತ ಗೊತ್ತಾದರೆ ಗಿರಾಕಿಗಳು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂಬ ಹೆದರಿಕೆಗೆ ಅವನು ಆರೋಗ್ಯ ಕಾರ್ಯಕರ್ತೆಯ ಕೈಕಾಲು ಹಿಡಿದಿದ್ದ. ಆಕೆ ದಿನಾ ಎದುರಿಗೇ ನಿಂತು ಮಾತ್ರೆ ನುಂಗಿಸಬೇಕು, ಬೀದಿಗೆ ಮಾತ್ರ ತಿಳಿಯಬಾರದು. ಅದಕ್ಕೇ ಆಕೆ ತನ್ನ ಮನೆಯ ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು ಗಿರಾಕಿಯ ಹಾಗೆ ಬರುತ್ತಿದ್ದಳು.

ಉಪಾಯವೇನೋ ಭೇಷಾಗಿತ್ತು. ಆದರೆ ಪಕ್ಕದಂಗಡಿಯ ದರ್ಜಿಯ ಕಣ್ಣು ಸೂಜಿಗಿಂತ ಬೀದಿಯ ಮೇಲೇ ಹೆಚ್ಚು.

ಒಂದು ದಿನ ಅವನು ಆಕೆಯನ್ನು ಬಾಗಿಲಲ್ಲೇ ತಡೆದ. "ಅಕ್ಕಾ, ತಿಂಗಳುಗಟ್ಟಲೆ ಅದೇ ಗಡಿಯಾರ ಹೊತ್ಕೊಂಡು ಅಲೀತಿದ್ದೀರಲ್ಲ, ಇವನಿಗೆ ಕೆಲ್ಸ ಬರಲ್ಲ ಅಂತ ಇನ್ನೂ ಗೊತ್ತಾಗಿಲ್ವಾ?" ಅಂದವನೇ ಕೆಮ್ಮತೊಡಗಿದ. "ಬಟ್ಟೆ ಧೂಳು," ಅಂತ ಸಮಜಾಯಿಷಿಯನ್ನೂ ಕೊಟ್ಟ.

"ಚೆನ್ನಾಗೇ ಮಾಡ್ತಾರಪ್ಪ. ಮತ್ತೆ ಮತ್ತೆ ಕೆಡುತ್ತೆ," ಅಂದಳು ಆಕೆ.

ಇದು ಬೆಂಕಿಗೆ ಎಣ್ಣೆ ಸುರಿದ ಹಾಗಾಯಿತು. ಕೈಗಡಿಯಾರ ರಿಪೇರಿಗೆ ಕೊಟ್ಟಿದ್ದ ಮೇಷ್ಟ್ರು ಅಲ್ಲೇ ನಿಂತಿದ್ದರು. "ನಂದು ಹಾಗೇ ವಾಪಸ್ ಕೊಡಪ್ಪ," ಅಂದರು. ಅವರ ಹಿಂದೆ ಇನ್ನಿಬ್ಬರು ಕೈಚಾಚಿದರು. ದರ್ಜಿ ಆಕೆಯ ಗಡಿಯಾರ ಕಸಿದು ಕಿವಿಗಿಟ್ಟುಕೊಂಡರೆ ಅದು ಟಕಟಕ ಅನ್ನುತ್ತಿದೆ.

"ಓಡೋ ಗಡಿಯಾರಾನ ದಿನಾ ಬಿಚ್ಚಿ ಏನಯ್ಯ ಮಾಡ್ತೀಯ?"

ರಿಪೇರಿಯವ ಆಕೆಯ ಕಿವಿಯಲ್ಲಿ ಪಿಸುಗುಟ್ಟಿದ. "ನಾಳೆಯಿಂದ ಬರಬೇಡಿ ಅಕ್ಕಾ. ಹೊಟ್ಟೆಪಾಡು ನೋಡ್ಕೋಬೇಕು."

"ಅರ್ಧಕ್ಕೆ ಬಿಟ್ರೆ ಕಾಯಿಲೆ ಮೊದಲಿಗಿಂತ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಅಂಗಡಿ ಇದ್ದು ಏನು ಮಾಡ್ತೀರಿ?"

ಅವನಿಗೆ ಅಳು ಬಂತು. ಕೆಲಸ ಬಾರದವನು ಅನ್ನಿಸಿಕೊಳ್ಳುವುದಕ್ಕಿಂತ ಕಾಯಿಲೆಯವನು ಅನ್ನಿಸಿಕೊಳ್ಳುವುದೇ ವಾಸಿ ಅಂದುಕೊಂಡು ಎಲ್ಲರೆದುರಿಗೇ ಹೇಳಿಬಿಟ್ಟ. "ನನಗೆ ಕ್ಷಯ. ಈ ಅಕ್ಕ ಬರೋದು ಮಾತ್ರೆ ಕೊಡೋಕೆ."

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಮಾತ್ರೆಗಳು ಕೆಲಸ ಮಾಡಿ ಅವನ ಕೆನ್ನೆ ತುಂಬಿಕೊಂಡಿದ್ದವು, ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಬಿಗಿಯುತ್ತಿತ್ತು.

"ಕೆಲ್ಸ ಬರಲ್ಲ ಅಂದ್ರೆ ಬರಲ್ಲ ಅನ್ನು. ಗುಂಡುಕಲ್ಲಿನ ಹಾಗಿದ್ದೀಯ, ಇಲ್ಲದ ಕಾಯಿಲೆ ಯಾಕೆ ಅಂಟಿಸ್ಕೋತೀಯ?"

"ಅವರು ಹೇಳ್ತಿರೋದು ನಿಜ," ಅಂದಳು ಆಕೆ.

"ಅವನ ಮಾನ ಉಳಿಸೋಕೆ ಹೇಳ್ತಿದ್ದೀರಿ. ನಿಮ್ಮದು ದೊಡ್ಡ ಮನಸ್ಸಮ್ಮ." ಮೇಷ್ಟ್ರು ಕೈಗಡಿಯಾರ ಜೇಬಿಗಿಳಿಸಿ ನಡೆದರು.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ದರ್ಜಿ ಬಂದ. ಬೆಳಗಿನ ಜೋರು ಇರಲಿಲ್ಲ.

"ನಿಂಗೂ ಮೊದಲು ಹೀಗೇ ಕೆಮ್ಮು, ಬೆವರು ಇತ್ತಾ?"

ಕತ್ತು ಹಿಡಿದು ಆಚೆ ದಬ್ಬಬೇಕು ಅನ್ನಿಸಿತು ರಿಪೇರಿಯವನಿಗೆ. ಆ ಕತ್ತಿನಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಸ್ಟೂಲು ಎಳೆದು ಕೂರಿಸಿದ.

"ಇತ್ತಪ್ಪ. ನಾಳೆ ಅಕ್ಕನ ಜೊತೆ ಹೋಗಿ ಕಫ ಪರೀಕ್ಷೆ ಮಾಡಿಸು. ವಾಸಿಯಾಗುತ್ತೆ."

"ಯಾರಿಗೂ ಹೇಳ್ಬೇಡ," ಅಂದ ದರ್ಜಿ. "ಗಿರಾಕಿಗಳು ಬರಲ್ಲ."

ಪರೀಕ್ಷೆಯಲ್ಲಿ ಅವನಿಗೂ ಅದೇ ಬಂತು. ಈಗ ಆಕೆ ದಿನಾ ಒಂದು ಕಂಕುಳಲ್ಲಿ ಗಡಿಯಾರ, ಇನ್ನೊಂದರಲ್ಲಿ ಹೊಲಿಯಲು ಬಟ್ಟೆ ಇರುಕಿಕೊಂಡು ಬರುತ್ತಾಳೆ. ಅದನ್ನು ನೋಡಿದಾಗಲೆಲ್ಲ ಮೇಷ್ಟ್ರು ಮರುಗುತ್ತಾರೆ.

"ಪಾಪ, ಈ ಹೆಂಗಸಿಗೆ ಕೆಲ್ಸ ಗೊತ್ತಿರೋನು ಒಬ್ಬನಾದ್ರೂ ಸಿಗಬಾರ್ದಾ."