ನೆಲ ತಂಪು ಮಾವ

ಗಾಲಿಕುರ್ಚಿಯಲ್ಲಿ ಕೂತವನು ಎಡವುವುದಿಲ್ಲ ಎಂದು ಜನ ಅಂದುಕೊಂಡಿರುತ್ತಾರೆ. ನಾನು ವಾರಕ್ಕೊಮ್ಮೆಯಾದರೂ ಎಡವುತ್ತೇನೆ, ಅದೂ ಬಾಯಿಂದ. "ಬೇಡ, ನಾನೇ ಮಾಡ್ಕೋತೀನಿ" ಎಂದು ನಾನು ಅಂದೆನೆಂದರೆ, ಮುಂದಿನ ಅರ್ಧ ಗಂಟೆಯಲ್ಲಿ ಮುಖ ಮುಚ್ಚಿಕೊಳ್ಳುವ ಪ್ರಸಂಗವೊಂದು ಕಾದಿರುತ್ತದೆ ಎಂದೇ ಲೆಕ್ಕ.

ಮೈಸೂರಿನಿಂದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಡ್ರಾಫ್ಟ್ಸ್‌ಮನ್ ಆಗಿ ಬಂದವನು ಫ್ಯಾಕ್ಟರಿಯ ಏಣಿಯಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡೆ. ನವಿ ಮುಂಬಯಿಯ ಪುನರ್ವಸತಿ ಕೇಂದ್ರವೊಂದರಲ್ಲಿ ನನ್ನ ಹೆಂಡತಿಯಾಗುವವಳು ಸಿಕ್ಕಳು. ಅವಳಿಗೆ ಎಳವೆಯಲ್ಲೇ ಪೋಲಿಯೊ, ಎರಡೂ ಕಾಲಿಗೆ; ಅವಳೂ ಗಾಲಿಕುರ್ಚಿಯವಳೇ. ಅವಳ ಅಪ್ಪ ಉಡುಪಿ ಕಡೆಯವರು, ಠಾಣೆಯ ನೌಪಾಡಾದಲ್ಲಿ ಹೋಟೆಲು ಇಟ್ಟವರು. ಮದುವೆಗೆ ಒಪ್ಪಿದರು, ಆದರೆ ಒಂದು ಶರ್ತ ಹಾಕಿದರು.

"ಒಂದು ವರ್ಷ ನೀವಿಬ್ಬರೇ ಇದ್ದು ತೋರಿಸಿ. ಒಂದೇ ಒಂದು ಸಲ ಯಾರನ್ನಾದರೂ ಸಹಾಯಕ್ಕೆ ಕರೆದದ್ದು ಗೊತ್ತಾದರೆ ಮಗಳನ್ನು ನೌಪಾಡಾಕ್ಕೆ ಕರಕೊಂಡು ಹೋಗ್ತೇನೆ. ಆಯ್ತಾ?"

"ನಮಗೆ ಯಾರೂ ಬೇಡ ಮಾವ," ಅಂದೆ. ಎಂಐಡಿಸಿಯ ವಸತಿ ಭಾಗದಲ್ಲಿ ನೆಲಮಹಡಿಯ ಮನೆ ಹಿಡಿದೆವು. ಮೊಬೈಲುಗಳಲ್ಲಿ ಇನ್ನೂ ಬಟನ್ ಇದ್ದ ಕಾಲ ಅದು. ಅವಳನ್ನು ಕಳೆದುಕೊಳ್ಳುವ ಭಯಕ್ಕೆ ನಾನು ಸಹಾಯ ಅನ್ನುವ ಪದ ಕೇಳಿದರೇ ಉರಿದು ಬೀಳುತ್ತಿದ್ದೆ.

ಲೋಕಲ್‌ನಲ್ಲಿ

ಒಂದು ಮಧ್ಯಾಹ್ನ ಠಾಣೆಯಿಂದ ಲೋಕಲ್ ರೈಲಿನ ಅಂಗವಿಕಲರ ಡಬ್ಬಿಯಲ್ಲಿ ಬರುತ್ತಿದ್ದೆ. ಹಿಂದಿನಿಂದ ಯಾರೋ ನನ್ನ ಕುರ್ಚಿಯ ಹಿಡಿಕೆಗೆ ಕೈ ಹಾಕಿದರು. ತಿರುಗಿಯೂ ನೋಡದೆ, ಕೈ ತೆಗಿ, ಯಾರ ಸಹಾಯವೂ ಬೇಡ ಎಂದು ಹಿಂದಿಯಲ್ಲಿ ಕೂಗಿದೆ: "ಹಾತ್ ಮತ್ ಲಗಾವ್. ಮುಝೆ ಕಿಸೀಕಿ ಮದದ್ ನಹೀ ಚಾಹಿಯೇ."

ಕೈ ಹಾಕಿದವನು ಮೆಲ್ಲಗೆ ಹೇಳಿದ, "ಭಾವೂ, ಮದತ್ ತುಲಾ ನಾಹೀ, ಮಲಾ ಪಾಹಿಜೆ."

ಸಹಾಯ ನಿನಗಲ್ಲಪ್ಪ, ನನಗೆ ಬೇಕಿತ್ತು ಅಂದಿದ್ದ. ತಿರುಗಿ ನೋಡಿದರೆ ಅವನಿಗಿದ್ದದ್ದು ಒಂದೇ ಕಾಲು. ಗಾಡಿ ಜಗ್ಗಿದಾಗ ಆಧಾರಕ್ಕೆ ಹಿಡಿದುಕೊಂಡಿದ್ದ, ಪಾಪ. ಡೊಂಬಿವಲಿ ಬರುವವರೆಗೂ ಅವನು ನನ್ನ ಕುರ್ಚಿ ಹಿಡಿದುಕೊಂಡೇ ನಿಂತ, ನಾನು ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ.

ಭಾಷಣ

ವಾಶಿಯಲ್ಲಿ ಅಂಗವಿಕಲರ ಸಮಾವೇಶ. ನನಗೆ ಕೊಟ್ಟ ವಿಷಯ ಸ್ವಾವಲಂಬನೆ. ಬೇಡ ಅನ್ನುವ ಮೊದಲೇ ನಾಲ್ಕು ಜನ ಕುರ್ಚಿ ಸಮೇತ ನನ್ನನ್ನು ವೇದಿಕೆಗೆ ಏರಿಸಿದರು. ನಾನು ಕರೆದದ್ದಲ್ಲವಲ್ಲ, ಶರ್ತಕ್ಕೆ ಭಂಗವಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಲವತ್ತು ನಿಮಿಷ ಕೊರೆದೆ. "ಯಾರ ಮುಂದೆಯೂ ಕೈ ಚಾಚಬೇಡಿ" ಎಂದು ಮುಗಿಸಿದಾಗ ಭರ್ಜರಿ ಚಪ್ಪಾಳೆ.

ಚಪ್ಪಾಳೆ ನಿಂತ ಮೇಲೆ ಎಲ್ಲರೂ ಊಟಕ್ಕೆ ಹೋದರು. ಆ ನಾಲ್ಕು ಜನ ಮೊದಲ ಪಂಕ್ತಿಯಲ್ಲೇ ಕೂತರು. ವೇದಿಕೆಗೆ ಇದ್ದದ್ದು ಐದು ಮೆಟ್ಟಿಲು. ಈಗ ಬಾಯಿಬಿಟ್ಟು ಕರೆಯಬೇಕು. ಆದರೆ ಯಾವ ಮುಖ ಇಟ್ಟುಕೊಂಡು ಕರೆಯುವುದು?

ಹೆಂಡತಿ ಕೆಳಗಿನಿಂದ ಕೇಳಿದಳು, "ಸ್ವಾವಲಂಬನೆಗೆ ಪೂರಿ ಬೇಕಾ, ಮೊಸರನ್ನ ಸಾಕಾ?"

"ಹಸಿವಿಲ್ಲ," ಅಂದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಮೈಕಿನ ಪಕ್ಕ ಏನೋ ಓದುತ್ತಿರುವವನ ಹಾಗೆ ನನ್ನದೇ ಭಾಷಣವನ್ನು ಮೂರು ಸಲ ಓದಿದೆ. ಕೊನೆಗೆ ಪೆಂಡಾಲಿನವರು ಸಾಮಾನು ಬಿಚ್ಚಲು ಬಂದಾಗ, ಪ್ಲಾಸ್ಟಿಕ್ ಕುರ್ಚಿಗಳ ಜೊತೆಗೆ ನನ್ನನ್ನೂ ಇಳಿಸಿದರು.

ಕೀಲಿ

ಪಕ್ಕದ ಮನೆಯಲ್ಲಿ ಹುಬ್ಬಳ್ಳಿ ಕಡೆಯ ಆಂಟಿ. ನಮ್ಮ ಮನೆಯ ಇನ್ನೊಂದು ಕೀಲಿ ಅವರ ಹತ್ತಿರ ಇತ್ತು. ಮಾವನಿಗೆ ಗೊತ್ತಾದರೆ ಏನು ಗತಿ ಎಂದು ಅದನ್ನೂ ವಾಪಸ್ ಕೇಳಿದೆ. "ನಾನಾಗಿ ಕೇಳೋವರೆಗೂ ಏನೂ ಮಾಡ್ಬೇಡಿ ಆಂಟಿ." ಅವರು ಒಳಗೆ ಹೋಗಿ ಒಂದು ಕೀಲಿ ತಂದು ಕೊಟ್ಟರು. ಅದನ್ನು ಒಳಗೆ ಗೋಡೆಯ ಮೊಳೆಗೆ ತೂಗುಹಾಕಿದೆ.

ಮರುವಾರ ಹೆಂಡತಿ ಠಾಣೆಗೆ ಹೋಗಿದ್ದ ದಿನ ಬಾಗಿಲ ಮುಂದೆ ನನ್ನ ಕೀಲಿ ಕೈಜಾರಿ ಮೋರಿಯ ಜಾಲರಿಯೊಳಗೆ ಬಿತ್ತು. ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಕೊಡೆಯ ಕಡ್ಡಿ, ಪೆನ್ಸಿಲು, ಬೆಲ್ಟು ಎಲ್ಲ ಆಯಿತು. ಆಂಟಿ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಾ ನೋಡುತ್ತಿದ್ದರು. ಒಂದು ಗಂಟೆ ಕಳೆಯಿತು. ಬಾತ್‌ರೂಮಿಗೆ ಹೋಗಲೇಬೇಕಾದ ಹೊತ್ತು ಬಂತು.

"ಆಂಟಿ, ಸ್ವಲ್ಪ..." ಅಂದೆ.

"ಕೇಳಿದ್ರಲ್ಲ, ಸಾಕ್ರಿ," ಎಂದು ಎದ್ದು, ಸೊಂಟದಿಂದ ಕೀಲಿ ತೆಗೆದು ಬಾಗಿಲು ತೆರೆದೇಬಿಟ್ಟರು.

"ಮತ್ತೆ ಅವತ್ತು ವಾಪಸ್ ಕೊಟ್ಟಿದ್ದು?"

"ಅದು ನಮ್ಮ ಹಳೇ ಟ್ರಂಕಿಂದು. ನಿಮ್ಮನ್ನ ನೋಡಿದ್ರ ತಿಳೀತದಲ್ರಿ."

ನೆಲ

ಹನ್ನೊಂದು ತಿಂಗಳು ಹೀಗೆ ಮುಚ್ಚಿಟ್ಟುಕೊಂಡು ಬಂದೆವು. ಇನ್ನೊಂದೇ ತಿಂಗಳು ಬಾಕಿ. ಒಂದು ಭಾನುವಾರ ಮಂಚದಿಂದ ಕುರ್ಚಿಗೆ ದಾಟುತ್ತಿದ್ದೆ. ಹೆಂಡತಿ ಅಡುಗೆಮನೆಯಿಂದ ಕೇಳಿದಳು, "ಬ್ರೇಕ್ ಹಾಕಿದ್ದೀರಾ?"

"ನನಗೆ ಗೊತ್ತು," ಅಂದೆ. ಹಾಕಿರಲಿಲ್ಲ. ಕುರ್ಚಿ ಆ ಕಡೆ ಹೋಯಿತು, ನಾನು ಈ ಕಡೆ ನೆಲಕ್ಕೆ. ಪೆಟ್ಟೇನೂ ಆಗಲಿಲ್ಲ. ಅಷ್ಟರಲ್ಲಿ ಕಾಲಿಂಗ್ ಬೆಲ್. ಹೆಂಡತಿ ಬಾಗಿಲು ತೆರೆದರೆ ಮಾವ ನಿಂತಿದ್ದಾರೆ, ಹೇಳದೆ ಕೇಳದೆ.

"ಎಂತ ಮಾರಾಯ, ಕೆಳಗೆ ಕೂತಿದ್ದಿ?"

"ಸೆಕೆ ಅಲ್ವಾ, ನೆಲ ತಂಪು ಮಾವ. ಭಾನುವಾರ ನಾವು ನೆಲದಲ್ಲೇ ಊಟ ಮಾಡೋದು."

ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಮಾವನಿಗೆ ಮಾತ್ರ ಖುಷಿಯೋ ಖುಷಿ. "ಹೋಟೆಲಿನ ಮೇಜು ಕುರ್ಚಿ ನೋಡಿ ಸಾಕಾಗಿದೆ. ನನಗೂ ಇಲ್ಲೇ ಬಡಿಸು ಮಗಾ," ಎಂದು ನನ್ನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ಅವಳು ಗಾಲಿಕುರ್ಚಿಯಿಂದ ಬಗ್ಗಿ ಬಗ್ಗಿ ಬಡಿಸಿದಳು.

ಊಟ ಮುಗಿಯಿತು. ಮಾವ ಒಂದು ಕೈ ನೆಲಕ್ಕೆ ಊರಿದರು. ಮಂಡಿ ಲಟಕ್ಕೆಂದಿತು. ಮತ್ತೊಮ್ಮೆ ಊರಿ, ಮತ್ತೆ ಕೂತರು. ಹೋಟೆಲಿನ ಹೊಸ ಅಡುಗೆಯವನ ಬಗ್ಗೆ ಮಾತು ತೆಗೆದರು. ಕೈಯಲ್ಲಿ ಸಾರು ಒಣಗಿತು, ಮಾತು ಮುಗಿಯಲಿಲ್ಲ. ನನಗೆ ಅರ್ಥವಾಗಿಹೋಯಿತು. ವೇದಿಕೆಯ ಮೇಲೆ ಕೂತು ಭಾಷಣ ಓದಿದವನಲ್ಲವೇ ನಾನು.

"ಅಪ್ಪ, ಏಳ್ಲಿಕ್ಕೆ ಆಗುದಿಲ್ವಾ?" ಮಗಳು ಕೇಳಿದಳು.

"ಆಗ್ತದೆ ಆಗ್ತದೆ. ಸುಮ್ಮನೆ ಕೂತದ್ದು."

"ಪಕ್ಕದ ಆಂಟಿಯನ್ನ ಕರೀಲಾ?"

"ಬೇಡ, ಯಾರನ್ನೂ ಕರೆಯುದು ಬೇಡ. ಮರ್ಯಾದೆ ಪ್ರಶ್ನೆ," ಅಂದವರು ಥಟ್ಟನೆ ನಾಲಿಗೆ ಕಚ್ಚಿಕೊಂಡರು. ತಮ್ಮ ಶರ್ತ ತಮಗೇ ನೆನಪಾಗಿರಬೇಕು.

ಹೆಂಡತಿ ಮಣೆ ತಂದಳು, ಗಿಡ್ಡ ಸ್ಟೂಲ್ ತಂದಳು, ಮೂಲೆ ಸೇರಿದ್ದ ನನ್ನ ಕುರ್ಚಿಯನ್ನು ತಂದು ಎರಡೂ ಬ್ರೇಕ್ ಹಾಕಿದಳು. ಪುನರ್ವಸತಿ ಕೇಂದ್ರದಲ್ಲಿ ಮೊದಲ ವಾರವೇ ಕಲಿಸಿದ ವಿದ್ಯೆ ಅದು: ನೆಲದಿಂದ ಮಣೆಗೆ, ಮಣೆಯಿಂದ ಸ್ಟೂಲಿಗೆ, ಸ್ಟೂಲಿನಿಂದ ಕುರ್ಚಿಗೆ. "ಕೈ ಹಿಂದಕ್ಕೆ ಊರಿ ಮಾವ. ಈಗ ಸೊಂಟ ಎತ್ತಿ," ಎಂದು ನಾನು ನೆಲದಿಂದಲೇ ಹೇಳುತ್ತಾ ತಳ್ಳಿದೆ, ಅವಳು ತೋಳು ಹಿಡಿದು ಎಳೆದಳು. ಇಪ್ಪತ್ತು ನಿಮಿಷಕ್ಕೆ ಮಾವ ನನ್ನ ಕುರ್ಚಿ ಸೇರಿ ಬೆವರು ಒರೆಸಿಕೊಂಡರು.

"ಇನ್ನು ನೀನು ಏಳು," ಅಂದರು.

ಆಗ ನನ್ನ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. "ನಾನು ಕೂತದ್ದಲ್ಲ ಮಾವ, ಬಿದ್ದದ್ದು. ನೀವು ಬರೋ ಮೊದಲೇ."

ಅವರು ತಮ್ಮ ಮಂಡಿ ಸವರಿಕೊಂಡರು. ಮಗಳ ಮುಖ ನೋಡಿದರು. ಆಮೇಲೆ ಹೇಳಿದರು, "ಆ ಶರ್ತ ಬಿಡುವ. ಅವಳು ಇಲ್ಲೇ ಇರಲಿ. ಬೇಕಾದಾಗ ಯಾರನ್ನಾದರೂ ಕರೀರಿ. ಇವತ್ತಿನದ್ದು ಮಾತ್ರ ನೌಪಾಡಾದಲ್ಲಿ ಯಾರಿಗೂ ಗೊತ್ತಾಗುದು ಬೇಡ."

ಕಣ್ಣು ಒರೆಸಿಕೊಂಡು, ಹನ್ನೊಂದು ತಿಂಗಳಲ್ಲಿ ಮೊದಲ ಸಲ ಯಾವ ಬಿಗುಮಾನವೂ ಇಲ್ಲದೆ ಬಾಯಿಬಿಟ್ಟು ಕೇಳಿದೆ. "ಮಾವ, ಸ್ವಲ್ಪ ಸಹಾಯ ಮಾಡ್ತೀರಾ? ನನಗೆ ಆ ಕುರ್ಚಿ ಬೇಕು."

ಮಾವ ಬ್ರೇಕ್ ಬಿಚ್ಚಿ ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಸ್ವಲ್ಪ ತಡಿ ಮಾರಾಯ," ಅಂದರು, "ಇದು ಭಾರೀ ಆರಾಮ ಉಂಟು. ಹೇಗೂ ನಿನಗೆ ನೆಲ ತಂಪು ಅಲ್ವಾ."