ನಾಲ್ಕು ಲಕ್ಷದ ಕೊನೆಯ ಕಿಲೋಮೀಟರ್

"ಈ ಭಾನುವಾರ ಬೆಳಗ್ಗೆ ಸರಿಯಾಗಿ ಹನ್ನೊಂದು ಗಂಟೆಗೆ, ಏಳು ಜನ ಸಾಕ್ಷಿಗಳ ಎದುರು, ನನ್ನ ಕಾರು ನಾಲ್ಕು ಲಕ್ಷ ಕಿಲೋಮೀಟರ್ ಮುಟ್ಟುತ್ತೆ! ಮುಟ್ಟಿಸೋನು ನಾನು!"

ಕನ್ನಡಕದವರು ಹೀಗೆ ಘೋಷಿಸಿ ಊಟದ ಮೇಜನ್ನು ಕುಟ್ಟಿದ ರಭಸಕ್ಕೆ ನೀರಿನ ಲೋಟ ಉರುಳಿ ಅವರ ತಾಯಿಯ ತಟ್ಟೆ ಕೆರೆಯಾಯಿತು.

"ಕಾರು ಎಲ್ಲಿಗೆ ಬೇಕಾದ್ರೂ ಮುಟ್ಲಪ್ಪಾ. ನನ್ನ ಊಟ ಹೊಟ್ಟೆ ಮುಟ್ಟೋಕೆ ಬಿಡು" ಎಂದರು ತಾಯಿ.

ಹೆಂಡತಿ ಬಟ್ಟೆ ತಂದು ಮೇಜು ಒರೆಸಿದರು. ಅವರು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ದಿನಕ್ಕೆ ಎಂಬತ್ತು ಜನರಿಗೆ ಸೂಜಿ ಚುಚ್ಚಿಯೂ ಒಬ್ಬರಿಂದಲೂ 'ಅಯ್ಯೋ' ಅನ್ನಿಸಿಕೊಳ್ಳದ ಕೈ ಅವರದು. ಗಂಡನ ಘೋಷಣೆಗಳೂ ಅವರಿಗೆ ಹೊಸದಲ್ಲ.

ದೊಡ್ಡ ರಸ್ತೆಯ ಮೂಲೆಯಲ್ಲಿ ಮೂವತ್ತು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿದ್ದುದರಿಂದ ಎಲ್ಲರೂ ಅವರನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದರು. ಊರಿನ ಅರ್ಧ ಮೂಗುಗಳ ಅಳತೆ ಅವರಿಗೆ ಬಾಯಿಪಾಠ. ಆದರೆ ಅವರ ಪ್ರಾಣವಿದ್ದದ್ದು ಇಪ್ಪತ್ತೆರಡು ವರ್ಷ ಹಳೆಯದಾದ ಬೂದು ಬಣ್ಣದ ಒಂದು ಟೊಯೋಟಾ ಕಾರಿನಲ್ಲಿ. ಮೊಣಕಾಲುದ್ದ ನೀರು ನಿಂತ ರಸ್ತೆಯಲ್ಲಿ, ಹಲ್ಲು ಕಟಕಟ ಎನ್ನುವ ಚಳಿಯಲ್ಲಿ, ಆರು ಜನ ನೆಂಟರನ್ನೂ ಅವರ ಹನ್ನೊಂದು ಪೆಟ್ಟಿಗೆಗಳನ್ನೂ ಹೇರಿಕೊಂಡು ಏರಿದ ಗುಡ್ಡದಲ್ಲಿ, ಎಲ್ಲಿಯೂ ಅದು 'ಒಲ್ಲೆ' ಎಂದದ್ದಿಲ್ಲ. ಕೀಲಿ ತಿರುಗಿಸಿದರೆ ಹೊರಡುವುದು, ಬ್ರೇಕ್ ಒತ್ತಿದರೆ ನಿಲ್ಲುವುದು, ಇಷ್ಟು ಬಿಟ್ಟು ಬೇರೆ ಸಂಗತಿಯೇ ಅದಕ್ಕೆ ತಿಳಿಯದು. ಕಾಲಕಾಲಕ್ಕೆ ಆಯಿಲ್ ಬದಲಿಸುವ ಮೆಕ್ಯಾನಿಕ್ ಪ್ರತಿ ಸಲವೂ ಬಾನೆಟ್ ಎತ್ತಿ ನೋಡಿ, ನಿಟ್ಟುಸಿರು ಬಿಟ್ಟು, ಇಳಿಸುತ್ತಿದ್ದ.

"ಸಾರ್, ನಿಮ್ಮಂಥ ಗಿರಾಕಿ ಇನ್ನು ನಾಲ್ಕು ಜನ ಸಿಕ್ಕಿದ್ರೆ ನಾನು ಗ್ಯಾರೇಜ್ ಮುಚ್ಚಿ ನಿಮ್ಮಂಗಡೀಲೇ ಕನ್ನಡಕ ಒರೆಸ್ತಾ ಕೂರಬೇಕಾಗುತ್ತೆ!"

ಕಾರಿನ ಕಂಪನಿಯ ಚರಿತ್ರೆ ಕನ್ನಡಕದವರಿಗೆ ತಮ್ಮ ವಂಶದ ಚರಿತ್ರೆಗಿಂತ ಚೆನ್ನಾಗಿ ಗೊತ್ತಿತ್ತು. ಅಂಗಡಿಗೆ ಬಂದವರು ಕಣ್ಣಿನ ಪರೀಕ್ಷೆಗೆಂದು ಕುರ್ಚಿಯಲ್ಲಿ ಕೂತು, ಗಲ್ಲವನ್ನು ಯಂತ್ರದ ಮೇಲಿಟ್ಟರೆ ಮುಗಿಯಿತು. ಏಳುವ ಹಾಗಿಲ್ಲ!

"ಮೇಲಿನ ಸಾಲು ಓದಿ... ಸರಿ. ಈಗ ಹೇಳಿ, ಕಾರು ಮಾಡೋಕೆ ಮುಂಚೆ ಆ ಮನೆತನದವರು ಏನು ಮಾಡ್ತಿದ್ರು? ಮಗ್ಗ ಕಣ್ರೀ, ಮಗ್ಗ! ಜಪಾನಿನ ಒಬ್ಬ ಬಡಗಿಯ ಮಗ, ಬಟ್ಟೆ ನೇಯೋ ಮಗ್ಗ ಕಂಡುಹಿಡಿದ. ಎಂಥ ಮಗ್ಗ? ಒಂದೇ ಒಂದು ಎಳೆ ಕಡಿದ್ರೂ ತಾನಾಗಿಯೇ ನಿಂತುಬಿಡೋ ಮಗ್ಗ! ತಪ್ಪು ಬಟ್ಟೆ ಒಂದಂಗುಲವೂ ಹೊರಗೆ ಬರೋ ಹಾಗಿಲ್ಲ. ಅವನ ಮಗ ಕಾರಿಗೆ ಕೈಹಾಕಿದ. ಈಗಲೂ ಅವರ ಕಾರ್ಖಾನೇಲಿ ಸಣ್ಣ ತಪ್ಪು ಕಂಡ್ರೂ ಕೆಲಸದವನು ಒಂದು ಹಗ್ಗ ಜಗ್ಗಬಹುದು, ಕಾರು ಜೋಡಿಸೋ ಇಡೀ ಸಾಲೇ ನಿಲ್ಲುತ್ತೆ! ಮಾಲೀಕನ ಅಪ್ಪಣೆ ಬೇಕಾಗಿಲ್ಲ! ಈಗ ಕೆಳಗಿನ ಸಾಲು ಓದಿ."

ಅಷ್ಟು ಹೊತ್ತಿಗೆ ಗಿರಾಕಿಗೆ ಕೆಳಗಿನ ಸಾಲಿನ ತುಂಬ ಮಗ್ಗಗಳೇ ಕಾಣುತ್ತಿದ್ದವು.

ಇಷ್ಟೆಲ್ಲ ಅಭಿಮಾನವಿದ್ದ ಮನುಷ್ಯ ಕಾರಿನ ಕೀಲಿಯನ್ನು ಮಾತ್ರ ಬೇರೆಯವರ ಕೈಗೆ ಕೊಟ್ಟವರಲ್ಲ. ಹೆಂಡತಿಯ ಕೈಗೂ! "ಅದು ನನ್ನ ಕಾಲಿನ ಭಾರಕ್ಕೆ ಒಗ್ಗಿದೆ" ಎನ್ನುವುದು ಅವರ ಸಮಜಾಯಿಷಿ.

ಹಳೆಯ ಟೊಯೋಟಾ ಇಟ್ಟುಕೊಂಡವರ ಒಂದು ಕೂಟವಿತ್ತು. ನಾಲ್ಕು ಲಕ್ಷ ದಾಟಿದ ಗಾಡಿಗೆ ಕೂಟದವರು ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು. ಅದರ ಅಧ್ಯಕ್ಷರು ನಿವೃತ್ತ ಟ್ಯಾಕ್ಸಿ ಚಾಲಕರು, ಅವರ ಗಾಡಿ ಆರು ಲಕ್ಷ ದಾಟಿ ಇನ್ನೂ ಯೌವನದಲ್ಲೇ ಇತ್ತು. ಇಂಥ ಘಟಾನುಘಟಿಗಳ ಎದುರು ಮೀಟರ್ ತಿರುಗಬೇಕೆಂದು ಕನ್ನಡಕದವರು ಲೆಕ್ಕ ಹಾಕಿ, 3,99,999ಕ್ಕೆ ಕಾರನ್ನು ಗೇಟಿನ ಮುಂದೆ ತಂದು ನಿಲ್ಲಿಸಿದರು. ಆಮೇಲೆ ಒಂದು ವಾರ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ತಾವು ಬಸ್ಸಿನಲ್ಲಿ ಜೋತುಬಿದ್ದು ಅಂಗಡಿಗೆ ಹೋದರು. ಹಲ್ಲುನೋವೆಂದ ತಾಯಿಯನ್ನೂ ಬಸ್ಸಿನಲ್ಲೇ ಡಾಕ್ಟರ ಬಳಿ ಕರೆದೊಯ್ದರು.

"ಕಾರಿಗೆ ಬಾಣಂತನ, ನನಗೆ ಬಸ್ಸು!" ಎಂದು ತಾಯಿ ದಾರಿಯುದ್ದಕ್ಕೂ ಪ್ರಯಾಣಿಕರಿಗೆಲ್ಲ ಕೇಳಿಸುವಂತೆ ಹೇಳಿದರು.

ಭಾನುವಾರ ಬಂತು. ಬೆಳಗ್ಗೆ ಆರೂವರೆಗೆ ಎದ್ದ ಕನ್ನಡಕದವರು ಕಾರನ್ನು ತೊಳೆದು, ಗಾಜು ಉಜ್ಜಿ, ಅಂಗಡಿಯಿಂದ ತಂದ ಮೆತ್ತನೆ ಬಟ್ಟೆಯಲ್ಲಿ ದೀಪಗಳನ್ನೆಲ್ಲ ಒರೆಸಿದರು. ಕಾರು ಹೊಳೆಯಿತು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಧ್ಯಕ್ಷರು ಬಾನೆಟ್ ಎತ್ತಿಸಿ ನೋಡದೆ ಇರುತ್ತಾರೆಯೇ? ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಕನ್ನಡಕದವರು ಬಾನೆಟ್ಟನ್ನು ಸ್ವಹಸ್ತದಿಂದ ಎತ್ತಿದರು. ಒಳಗೆ ಧೂಳು, ಜಿಡ್ಡು! ಅವರ ಮಾನ ಹೋದಂತಾಯಿತು. ಸಾಬೂನು ನೊರೆ ಸುರಿದರು, ಹೂತೋಟದ ಪೈಪನ್ನು ಬೆರಳಿನಿಂದ ಒತ್ತಿ ಹಿಡಿದು ಎಂಜಿನ್ನಿನ ಸಂದುಗೊಂದಿಗಳಿಗೆಲ್ಲ ನೀರು ಚಿಮ್ಮಿಸಿದರು. ಅರ್ಧ ಗಂಟೆ ಜಲಕ್ರೀಡೆ! ಎಂಜಿನ್ ಕನ್ನಡಿಯಾಯಿತು.

ಹಿಗ್ಗಿನಿಂದ ಒಳಗೆ ಕೂತು ಕೀಲಿ ತಿರುಗಿಸಿದರು.

ಕರ್‌ರ್‌ರ್... ಕರ್‌ರ್‌ರ್... ಅಷ್ಟೇ.

ಮತ್ತೆ ತಿರುಗಿಸಿದರು. ಮತ್ತೆ, ಮತ್ತೆ. ಬೇಡಿಕೊಂಡರು, ಗದರಿದರು, ಸ್ಟಿಯರಿಂಗ್ ಸವರಿದರು. ನಲವತ್ತನೆಯ ಸಲಕ್ಕೆ ಕರ್‌ರ್ ಹೋಗಿ ಟಕ್ ಎಂದಿತು. ಬ್ಯಾಟರಿಯೂ ಸತ್ತಿತ್ತು.

ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದರು. ಗಂಡ ತೊಟ್ಟಿಕ್ಕುವ ಬನಿಯನ್ನಿನಲ್ಲಿ ಬಾನೆಟ್ಟಿನ ಮುಂದೆ ತಲೆತಗ್ಗಿಸಿ ನಿಂತಿದ್ದರು.

"ಏನ್ರೀ ಆಯ್ತು?"

"ಸ್ಟಾರ್ಟ್ ಆಗ್ತಿಲ್ಲ" ಎಂದರು ಸಣ್ಣ ದನಿಯಲ್ಲಿ.

"ನೀವೇ ಹೇಳ್ತಿರ್ತೀರಲ್ಲ, ಏನಾದ್ರೂ ಕೆಟ್ರೆ ಆ ಕಂಪನೀಲಿ ಐದು ಸಲ 'ಯಾಕೆ' ಅಂತ ಕೇಳಿ ಮೂಲಕ್ಕೆ ಹೋಗ್ತಾರೆ ಅಂತ. ಕೇಳಲಾ? ಯಾಕೆ ಸ್ಟಾರ್ಟ್ ಆಗ್ತಿಲ್ಲ?"

"ಬ್ಯಾಟರಿ ಹೋಗಿದೆ."

"ಯಾಕೆ ಹೋಯ್ತು?"

"ನಲವತ್ತು ಸಲ ಕೀಲಿ ತಿರುಗಿಸ್ದೆ."

"ಯಾಕೆ ತಿರುಗಿಸಿದ್ರಿ?"

"ಒಳಗೆ ನೀರು ಹೋಗಿದೆ ಅನ್ಸುತ್ತೆ."

"ಯಾಕೆ ಹೋಯ್ತು?"

"ನಾನು ತೊಳೆದೆ ಕಣೇ! ಹೊಳೀಲಿ ಅಂತ!"

"ಯಾಕೆ ಹೊಳೀಬೇಕು?"

ಕನ್ನಡಕದವರು ಬನಿಯನ್ನಿನ ತುದಿ ಹಿಂಡಿದರು. ಏಳು ಜನರ ಹೊಟ್ಟೆ ಉರಿಸುವುದಕ್ಕೆ ಎಂದು ಹೇಳುವುದು ಹೇಗೆ?

"ಮೂಲ ಸಿಕ್ತು ಬಿಡಿ" ಎಂದು ಹೆಂಡತಿ ಕಾಫಿ ಲೋಟ ಕೈಗಿಟ್ಟರು.

ಕೊನೆಗೆ ನಾಚಿಕೆ ನುಂಗಿಕೊಂಡು ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಅವನು ಸುದ್ದಿಯನ್ನು ಮೂರು ಸಲ ಹೇಳಿಸಿಕೊಂಡ. ಪಾಪ, ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದ ಕರೆ, ಬರುವ ಹೊತ್ತಿಗೆ ಅವನು ತಂಗಿಯ ಊರಿನಲ್ಲಿದ್ದ!

"ಸಾರ್, ಗಾಬರಿ ಪಡ್ಬೇಡಿ. ಎಂಜಿನ್‌ಗೆ ಏನೂ ಆಗಿರಲ್ಲ. ಬಾನೆಟ್ ತೆಗೆದು ಎರಡು ಗಂಟೆ ಬಿಸಿಲಿಗೆ ಬಿಡಿ. ಆಮೇಲೆ ತಳ್ಳಿ ಸ್ಟಾರ್ಟ್ ಮಾಡಿ, ಇಳಿಜಾರು ಇದ್ಯಲ್ಲ. ಒಂದು ಮಾತು, ಸ್ಟಾರ್ಟ್ ಆದ್ಮೇಲೆ ನಿಲ್ಲಿಸ್ಬೇಡಿ! ಇಪ್ಪತ್ತು ಕಿಲೋಮೀಟರಾದ್ರೂ ಓಡಿಸಿ. ಇಲ್ಲಾಂದ್ರೆ ಮತ್ತೆ ತಳ್ಳಬೇಕಾಗುತ್ತೆ. ಇನ್ನೊಂದು ವಿಷಯ ಸಾರ್..."

"ಏನಪ್ಪಾ?"

"ಇನ್ಮೇಲೆ ತೊಳೆಯೋ ಆಸೆ ಬಂದ್ರೆ ನೀವು ಸ್ನಾನ ಮಾಡಿ."

ಹತ್ತೂವರೆಗೆ ಎಂಜಿನ್ ಒಣಗಿತ್ತು. ಈಗ ಹೊಸ ಸಂಕಟ. ತಳ್ಳುವವರು ಯಾರು, ಒಳಗೆ ಕೂರುವವರು ಯಾರು? ಕನ್ನಡಕದವರು ಸ್ಟಿಯರಿಂಗ್ ಹಿಡಿದರು, ಹೆಂಡತಿ ಹಿಂದಿನಿಂದ ತಳ್ಳಿದರು. ಕಾರು ಒಂದಂಗುಲವೂ ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ತಾಯಿ ಬೇರೆ ಕೂತಿದ್ದರು. "ವಾರದಿಂದ ಬಸ್ಸಲ್ಲಿ ಅಲೆದಿದೀನಿ. ಏನೇ ಆದ್ರೂ ಇಳಿಯಲ್ಲ" ಎಂಬುದು ಅವರ ನಿರ್ಧಾರ.

"ನೀವು ತಳ್ಳಿ, ನಾನು ಕೂರ್ತೀನಿ" ಎಂದರು ಹೆಂಡತಿ.

"ನಿನಗೇನು ಗೊತ್ತು ಅದೆಲ್ಲ! ಎರಡನೇ ಗೇರು, ಕ್ಲಚ್ಚು..."

"ಹನ್ನೊಂದಕ್ಕೆ ಇಪ್ಪತ್ತೈದು ನಿಮಿಷ ಇದೆ."

ಬೇರೆ ದಾರಿಯಿರಲಿಲ್ಲ. ಯಾವುದು ಕ್ಲಚ್ಚು, ಯಾವುದು ಬ್ರೇಕು ಎಂದು ಮೂರು ಸಲ ತೋರಿಸಿ, "ಸ್ಟಾರ್ಟ್ ಆದ ತಕ್ಷಣ ಅಲ್ಲೇ ಇರು, ನಾನು ಓಡಿ ಬಂದು ಹತ್ತಿಕೊಳ್ತೀನಿ" ಎಂದು ಎಚ್ಚರಿಸಿ, ಹಿಂದೆ ಹೋಗಿ ಭುಜ ಕೊಟ್ಟರು. ಕಾರು ಉರುಳಿತು. ಇಳಿಜಾರು ಸಿಕ್ಕಿತು. ಒಮ್ಮೆ ಮುಗ್ಗರಿಸಿತು. ಮರುಕ್ಷಣ, ಆಹಾ! ಕೆಮ್ಮಿಲ್ಲ, ಹೊಗೆಯಿಲ್ಲ, ಏನೂ ನಡೆದೇ ಇಲ್ಲವೆಂಬಂತೆ ಎಂಜಿನ್ ಗುನುಗಿತು! ಅಷ್ಟು ನೀರು ಕುಡಿಸಿದ ಮಾಲೀಕನ ಮೇಲೆ ಒಂದಿಷ್ಟೂ ಮುನಿಸಿಲ್ಲ. ಕನ್ನಡಕದವರ ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಕಾರು ರಸ್ತೆಯ ಕೊನೆ ತಲುಪಿತ್ತು.

"ನಿಲ್ಲಿಸೇ!" ಎಂದು ಕೂಗುತ್ತ ಒದ್ದೆ ಚಪ್ಪಲಿಯಲ್ಲಿ ಓಡಿದರು. ಕಾರು ನಿಲ್ಲಲಿಲ್ಲ. ಬಲಗಡೆಯ ದೀಪ ಮಿನುಗಿಸಿತು, ಎದುರಿಂದ ಬಂದ ಹಾಲಿನ ವ್ಯಾನಿಗೆ ದಾರಿ ಬಿಟ್ಟಿತು, ಅಂದವಾಗಿ ತಿರುವು ತೆಗೆದುಕೊಂಡು ಮರೆಯಾಯಿತು. ಕನ್ನಡಕದವರು ನಡುರಸ್ತೆಯಲ್ಲಿ ಬೆಪ್ಪಾಗಿ ನಿಂತರು. ಅಷ್ಟು ಚೆಂದದ ತಿರುವನ್ನು ತಾವೂ ಎಂದೂ ತೆಗೆದುಕೊಂಡಿರಲಿಲ್ಲ.

ಹನ್ನೊಂದು ಗಂಟೆಗೆ ಸರಿಯಾಗಿ ಏಳು ಹಳೆಯ ಟೊಯೋಟಾಗಳು ಸಾಲಾಗಿ ಬಂದು ನಿಂತವು. ಗೇಟಿನ ಮುಂದೆ ಒದ್ದೆ ನೆಲ, ಒದ್ದೆ ಪೈಪು, ಒದ್ದೆ ಯಜಮಾನರು. ಕಾರೊಂದೇ ಇಲ್ಲ!

"ಗಾಡಿ ಎಲ್ಲಿ?" ಎಂದರು ಅಧ್ಯಕ್ಷರು.

"ಹೋಗಿದೆ."

"ಎಲ್ಲಿಗೆ?"

"ಗೊತ್ತಿಲ್ಲ. ನನ್ನ ಹೆಂಡತಿ, ತಾಯಿ ಇಬ್ಬರೂ ಅದರಲ್ಲಿದ್ದಾರೆ" ಎಂದು ಅವರು ಒದ್ದೆ ಪೈಪನ್ನು ಸುತ್ತತೊಡಗಿದರು. ಏಳು ಜನವೂ ಇದು ಸಂಸಾರದ ವಿಷಯವಿರಬಹುದೆಂದು ಸಂಕೋಚದಿಂದ ನೆಲ ನೋಡಿದರು.

ಬೆಳಗಿನ ಜಲಕ್ರೀಡೆಯ ಕಥೆಯನ್ನೆಲ್ಲ ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ, ಹನ್ನೊಂದೂವರೆಗೆ, ಕಾರು ಬಂತು. ಹೆಂಡತಿ ಅದನ್ನು ಎರಡು ಗಾಡಿಗಳ ನಡುವಿನ ಇಕ್ಕಟ್ಟಿನ ಜಾಗಕ್ಕೆ ಒಂದೇ ಪಟ್ಟಿಗೆ ಹಿಂದಕ್ಕೆ ತಂದು ನಿಲ್ಲಿಸಿದರು. ಕನ್ನಡಕದವರು ಓಡಿಹೋಗಿ ಮೀಟರ್ ನೋಡಿದರು. 4,00,021. ಮೆಕ್ಯಾನಿಕ್ ಹೇಳಿದ್ದ ಇಪ್ಪತ್ತು ಕಿಲೋಮೀಟರನ್ನು ಹೆಂಡತಿ ಚಾಚೂತಪ್ಪದೆ ಓಡಿಸಿದ್ದರು.

"ಹೋಯ್ತು! ಯಾರೂ ನೋಡಲೇ ಇಲ್ಲ!"

"ಯಾಕೆ, ನಾನು ಇರಲಿಲ್ವಾ?" ಹಿಂದಿನ ಸೀಟಿನಿಂದ ತಾಯಿ ಗದರಿದರು. "ಸೊನ್ನೆಗಳೆಲ್ಲ ಒಟ್ಟಿಗೆ ಬಂದು ಕೂತಿದ್ದನ್ನ ಕಣ್ಣಾರೆ ನೋಡಿದೀನಿ. ನೀನೇ ಮಾಡ್ಕೊಟ್ಟ ಕನ್ನಡಕ ಹಾಕ್ಕೊಂಡು!"

"ಅಮ್ಮ, ಅವಳಿಗೆ ಓಡಿಸೋಕೆ ಬರುತ್ತೆ ಅಂತ ನಿನಗೆ ಗೊತ್ತಿತ್ತಾ?"

"ಆರು ವರ್ಷದಿಂದ. ನಾನು ಜಾರಿಬಿದ್ದು ಸೊಂಟ ಮುರ್ಕೊಂಡಾಗ ನೀನು ಪರವೂರಲ್ಲಿದ್ದೆ. ಕಾರು ಮನೆ ಮುಂದೆ ಇತ್ತು, ಕೀಲಿ ನಿನ್ನ ಜೇಬಲ್ಲಿತ್ತು. ಮುಕ್ಕಾಲು ಗಂಟೆ ನನ್ನ ತಲೆ ತೊಡೆ ಮೇಲಿಟ್ಕೊಂಡು ಆಂಬುಲೆನ್ಸ್ ಕಾದ್ಳು ಪಾಪ. ಮಾರನೇ ವಾರವೇ ಡ್ರೈವಿಂಗ್ ಸ್ಕೂಲಿಗೆ ಸೇರಿದ್ಳು. ಬೆಳಗ್ಗೆ ವಾಕಿಂಗ್ ಅಂತಿದ್ಳಲ್ಲ, ಅದೇ. ಗೇರ್ ಬದಲಾಯಿಸಿದ್ದೇ ಗೊತ್ತಾಗಲ್ಲ ಕಣೋ, ಸೂಜಿ ಚುಚ್ಚಿದ ಹಾಗೆ! ಊರಿಗೆಲ್ಲ ಕನ್ನಡಕ ಹಾಕ್ತೀಯ, ಮನೇಲಿ ಇರೋದು ಕಾಣಲಿಲ್ವಾ?"

ಕನ್ನಡಕದವರು ಹೆಂಡತಿಯ ಕಡೆ ತಿರುಗಿದರು. "ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೀಲಿ ಕೊಡ್ತಿದ್ರಾ?"

ಈ 'ಯಾಕೆ'ಗೆ ಉತ್ತರ ಅವರ ಬಳಿಯೇ ಇತ್ತು. ಆ ಮುಕ್ಕಾಲು ಗಂಟೆಯ ಕಥೆಯನ್ನು ಇಷ್ಟು ವಿವರವಾಗಿ ಅವರು ಯಾವತ್ತೂ ಕೇಳಿರಲಿಲ್ಲ. ಕೇಳಬೇಕೆಂದೂ ತೋಚಿರಲಿಲ್ಲ. ಎದೆಯಲ್ಲಿ ಏನೋ ಚುಚ್ಚಿತು. ಈ ಸಲ ಗೊತ್ತಾಗುವ ಹಾಗೆಯೇ ಚುಚ್ಚಿತು.

ಅಷ್ಟರಲ್ಲಿ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಬಾನೆಟ್ಟಿನ ಮೇಲೆ ಕೈಯಿಟ್ಟು ಎಂಜಿನ್ನಿನ ಸದ್ದು ಆಲಿಸಿದರು. "ನಲವತ್ತು ವರ್ಷ ಗಾಡಿ ಓಡಿಸಿದೀನಿ. ಇಷ್ಟು ನೀರು ಕುಡಿದು ಮೂರು ಗಂಟೇಲಿ ಹೀಗೆ ಹಾಡೋ ಎಂಜಿನ್ ನೋಡಿದ್ರೆ ಕೈಮುಗೀಬೇಕು ಅನ್ಸುತ್ತೆ. ಸಾಕ್ಷಿ ಒಬ್ಬರಿದ್ದಾರೆ, ಸಾಕು. ಬಿಲ್ಲೆ ಯಾವಾಗಲೂ ಆ ಹೊತ್ತಿಗೆ ಸ್ಟಿಯರಿಂಗ್ ಹಿಡಿದಿದ್ದವರಿಗೆ ಸಲ್ಲುತ್ತೆ. ಬನ್ನಿ ತಾಯಿ."

ಹಿತ್ತಾಳೆಯ ಬಿಲ್ಲೆ ಹೆಂಡತಿಯ ಕೈ ಸೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ಏಳು ಜನರೂ ಒಟ್ಟಿಗೆ ಕನ್ನಡಕದವರತ್ತ ಕ್ಯಾಮೆರಾ ಚಾಚಿದರು. ಅವರು ತೆಗೆದರು. ಚೆನ್ನಾಗಿಯೇ ಬಂತು. ಆಮೇಲೆ ಜೇಬಿನಲ್ಲಿದ್ದ ಎರಡನೆಯ ಕೀಲಿಯನ್ನು ಬಿಚ್ಚಿ, ಯಾರೂ ಕೇಳದಿದ್ದರೂ, ಹೆಂಡತಿಯ ಅಂಗೈಯಲ್ಲಿಟ್ಟರು.

"ಇದೇನ್ರೀ, ಇನ್ನೊಂದು ನನ್ನ ಹತ್ರ ಆಗಲೇ ಇದ್ಯಲ್ಲ?"

"ಅದೂ ಇರಲಿ. ಇದೂ ಇರಲಿ."

ಸೋಮವಾರ ಬೆಳಗ್ಗೆ ಅವರು ತಿಂಡಿ ಮುಗಿಸಿ ಹೊರಬರುವಷ್ಟರಲ್ಲಿ ಕಾರು ಲ್ಯಾಬಿಗೆ ಹೊರಟುಹೋಗಿತ್ತು. ಛತ್ರಿ ಹಿಡಿದು ಅಂಗಡಿಯತ್ತ ನಡೆಯುತ್ತಿದ್ದಾಗ ಹಿಂದಿನಿಂದ ಬಂದ ಸ್ಕೂಟರ್ ಗಕ್ಕನೆ ನಿಂತಿತು. ಮೆಕ್ಯಾನಿಕ್! ಮುಖದ ತುಂಬ ಆಸೆ.

"ಏನ್ ಸಾರ್, ನಡ್ಕೊಂಡು ಹೋಗ್ತಿದೀರಿ? ಕೊನೆಗೂ ಗಾಡಿ ಕೈಕೊಡ್ತಾ?"

ಕನ್ನಡಕದವರು ಛತ್ರಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಅದು ಕೈಕೊಡೋ ಗಾಡಿ ಅಲ್ಲಪ್ಪಾ! ಕೈ ಬದಲಾಯಿಸಿದೆ, ಅಷ್ಟೇ."